ಪರದೆ ಮೇಲಿನ ಚುಕ್ಕಿಯನ್ನು ಎಷ್ಟು ನಂಬಬೇಕು?

ಚಿತ್ರದುರ್ಗದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಮೇಷ್ಟ್ರುಗಳು ಮತ್ತು ಊರಿನ ಆಸಕ್ತರ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಬೋರ್ಡ್ ಮೇಲೆ ಗೀಚಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಲು ನೋಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ದುರ್ಗಕ್ಕೆ ಬಂದು ಭದ್ರತೆ ಬಗ್ಗೆ ಮಾತಾಡುವವರೆಲ್ಲ ಏಳು ಸುತ್ತಿನ ಕೋಟೆಯಿಂದ ಶುರು ಮಾಡಿ ಓಬವ್ವನ ಕಿಂಡಿಯಲ್ಲಿ ಮುಗಿಸುತ್ತಾರೆ. ನಿಮಗೂ ಕೇಳಿ ಕೇಳಿ ಸಾಕಾಗಿರುತ್ತದೆ. ಹಾಗಾಗಿ ನಾನು ಕೋಟೆಯನ್ನು ಅದರ ಪಾಡಿಗೆ ಬಿಟ್ಟು ಚಳ್ಳಕೆರೆ ಕಡೆ ಹೋಗುತ್ತೇನೆ.

2023ರ ಏಪ್ರಿಲ್ 2ರ ಬೆಳಿಗ್ಗೆ ಅಲ್ಲಿನ ಏರೋನಾಟಿಕಲ್ ಟೆಸ್ಟ್ ರೇಂಜ್‌ನಲ್ಲಿ ಒಂದು ಪ್ರಯೋಗ ನಡೆಯಿತು. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಇಸ್ರೋದ ರೆಕ್ಕೆಯ ವಾಹನವೊಂದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಎತ್ತಿಕೊಂಡು ಹೋಗಿ ಕೈಬಿಟ್ಟಿತು. ಪೈಲಟ್ ಇಲ್ಲ. ಅದು ತಾನೇ ದಾರಿ ನೋಡಿಕೊಂಡು ಬಂದು ರನ್‌ವೇ ಮೇಲೆ ಇಳಿಯಿತು. ಪೇಪರಿನಲ್ಲಿ ಫೋಟೋ ಎಲ್ಲರೂ ನೋಡಿದ್ದೇವೆ. ಆದರೆ ಆ ವಾಹನ ತಾನಿರುವ ಜಾಗ ತಿಳಿಯಲು ಬಳಸಿದ ಉಪಕರಣಗಳಲ್ಲಿ ಸ್ಯೂಡೋಲೈಟ್ ಅನ್ನೋದೊಂದು ಇತ್ತು. ಅದನ್ನು ಗಮನಿಸಿದವರು ಕಡಿಮೆ. ಸ್ಯೂಡೋಲೈಟ್ ಅಂದರೆ ನೆಲದ ಮೇಲೆ ನಿಂತು ಉಪಗ್ರಹದ ಕೆಲಸ ಮಾಡುವ ಟ್ರಾನ್ಸ್‌ಮಿಟರ್. ಅದು ನಿಂತ ಜಾಗ ಮೊದಲೇ ಗೊತ್ತಿರುತ್ತದೆ. ಅಂಥ ಕೆಲವು ಕಡೆಯಿಂದ ಬರುವ ಸಿಗ್ನಲ್ ಕೇಳಿಸಿಕೊಂಡರೆ, ತಾನು ಎಲ್ಲಿದ್ದೇನೆ ಅಂತ ಲೆಕ್ಕ ಹಾಕಬಹುದು.

ಈಗ ಅದೇ ತಾಲ್ಲೂಕಿನ ನಾಯಕನಹಟ್ಟಿಗೆ ಬನ್ನಿ. ತಿಪ್ಪೇರುದ್ರಸ್ವಾಮಿ ಜಾತ್ರೆ. ತೇರುಬೀದಿಯಲ್ಲಿ ಕಾಲಿಡಲು ಜಾಗ ಇರಲ್ಲ. ಒಣಕೊಬ್ಬರಿ ಸುಟ್ಟ ಹೊಗೆ ಕಣ್ಣಿಗೆ ಹೊಡೆಯುತ್ತಿರುತ್ತದೆ. ಮೈಕಿನಲ್ಲಿ ಒಂದೇ ಸಮ ಕೂಗುತ್ತಿರುತ್ತಾರೆ: ಕೆಂಪು ಅಂಗಿ ಹಾಕಿರೋ ಹುಡುಗ ಇಲ್ಲಿದ್ದಾನೆ, ಸಂಬಂಧಪಟ್ಟೋರು ಬಂದು ಕರ್ಕೊಂಡು ಹೋಗಿ. ಇಂಥ ಕಡೆ ಮಕ್ಕಳ ಕೈಗೆ ಒಂದು ರೇಡಿಯೊ ಬ್ಯಾಂಡ್ ಕಟ್ಟಿ, ಕಂಬಗಳ ಮೇಲೆ ರಿಸೀವರ್ ಕೂರಿಸಿದರೆ ಹೇಗೆ? ಪೊಲೀಸ್ ಚೌಕಿಯಲ್ಲಿ ಒಂದು ಪರದೆ, ಅದರ ಮೇಲೆ ಮಗುವಿಗೊಂದು ಚುಕ್ಕಿ. ಪ್ರಾಜೆಕ್ಟ್ ಹುಡುಕುವ ವಿದ್ಯಾರ್ಥಿಗಳಿಗೆ ಈ ಯೋಚನೆ ಬಂದೇ ಬರುತ್ತದೆ. ಒಳ್ಳೆ ಯೋಚನೆನೇ.

ರನ್‌ವೇಗೂ ಜಾತ್ರೆಗೂ ಗಣಿತ ಹೆಚ್ಚುಕಮ್ಮಿ ಒಂದೇ. ಗೊತ್ತಿರುವ ಜಾಗಗಳಿಂದ ದೂರ ಅಳೆ, ಆ ದೂರಗಳು ಕೂಡುವ ಬಿಂದು ಹುಡುಕು. ವ್ಯತ್ಯಾಸ ಇರೋದು ಎರಡೇ ಕಡೆ. ರನ್‌ವೇ ಸುತ್ತ ಬೇಲಿ, ಕಾವಲು ಇರುತ್ತದೆ. ಜಾತ್ರೆಯಲ್ಲಿ ಕಂಬಕ್ಕೆ ಒರಗಿ ನಿಂತವರು ಯಾರು ಅಂತ ಯಾರಿಗೂ ಗೊತ್ತಿರಲ್ಲ. ಇನ್ನೊಂದು, ಬ್ಯಾಂಡ್ ಬಡಪಾಯಿ. ಅಳತೆ ಮಾಡಿ ರೇಡಿಯೊದಲ್ಲಿ ಕಳಿಸುವ ಪುಟ್ಟ ಯಂತ್ರಗಳ ಗುಂಪಿಗೆ ಸೆನ್ಸರ್ ಜಾಲ ಅನ್ನುತ್ತಾರೆ. ಅದರ ಪಾಠಗಳಲ್ಲಿ ಬಹಳ ವರ್ಷ ಬಳಸಿದ ಟೆಲೋಸ್‌ಬಿ ಅನ್ನುವ ಪುಟ್ಟ ಬೋರ್ಡ್ ಇದೆ. ಅದರ ರ್‍ಯಾಮ್ 10 ಕಿಲೋಬೈಟ್. ಎರಡು ಪೆನ್ಸಿಲ್ ಸೆಲ್‌ನಲ್ಲಿ ತಿಂಗಳುಗಟ್ಟಲೆ ಓಡಬೇಕು. ಅದು ಮಾತಾಡುವ 802.15.4 ರೇಡಿಯೊ ಭಾಷೆಯಲ್ಲಿ ಒಂದು ಸಲಕ್ಕೆ ಕಳಿಸಬಹುದಾದ ಪೊಟ್ಟಣ ಹೆಚ್ಚೆಂದರೆ 127 ಬೈಟ್. ಈಗಿನ ಚಿಪ್‌ಗಳು ಇನ್ನೂ ಜೋರಾಗಿವೆ, ನಿಜ. ಆದರೆ ಬ್ಯಾಟರಿಯ ಬಡತನ ಹಾಗೇ ಇದೆ.

ಭದ್ರತೆ ಹೇಗೆ ಅಂತ ಕೇಳಿದರೆ ವಿದ್ಯಾರ್ಥಿಗಳ ಉತ್ತರ ಸಿದ್ಧ ಇರುತ್ತದೆ. "ಎಇಎಸ್ 128 ಹಾಕಿದ್ದೀವಿ ಸಾರ್." ಎಇಎಸ್ ಅಂದರೆ ಸಂದೇಶವನ್ನು ಗುಟ್ಟಾಗಿಸುವ ಬೀಗ. ಹಾಕಿ. ಹಾಕಲೇಬೇಕು. ಈ ಬೀಗವನ್ನು ಜಾತ್ರೆಯಲ್ಲಿ ನಿಂತು ಒಡೆಯುವವರು ಯಾರೂ ಇಲ್ಲ. ಆದರೆ ನಾನು ಇವತ್ತು ಹೇಳಬೇಕು ಅಂದುಕೊಂಡು ಬಂದಿರುವುದು ಇಷ್ಟೇ: ಸುಳ್ಳು ಹೇಳೋಕೆ ಆ ಬೀಗ ಒಡೆಯಬೇಕಾಗಿಯೇ ಇಲ್ಲ. ಬ್ಯಾಂಡ್ ಕಳಿಸುವ ಪೊಟ್ಟಣದೊಳಗೆ ಮಗು ಎಲ್ಲಿದೆ ಅಂತ ಬರೆದಿರುವುದಿಲ್ಲ. "ನಾನು 417ನೇ ನಂಬರು" ಅಂತಷ್ಟೇ ಇರುತ್ತದೆ. ಎಲ್ಲಿದೆ ಅನ್ನುವುದು ತಿಳಿಯುವುದು ಆ ಪೊಟ್ಟಣ ಎಷ್ಟು ಜೋರಾಗಿ ಬಂತು, ಎಷ್ಟು ತಡವಾಗಿ ಬಂತು ಅನ್ನುವುದರಿಂದ. ಬೀಗ ಕಾಯುವುದು ಮಾತನ್ನು. ಜೋರು ಮತ್ತು ತಡವನ್ನು ಅದು ಕಾಯುವುದಿಲ್ಲ.

ಮೊದಲು ಜೋರಿನ ಕಥೆ ನೋಡೋಣ.

ಅಗ್ಗದ ವ್ಯವಸ್ಥೆಗಳೆಲ್ಲ ಸಿಗ್ನಲ್ ಎಷ್ಟು ಬಲವಾಗಿದೆ ಅಂತ ನೋಡಿ ದೂರ ಊಹಿಸುತ್ತವೆ. ಬ್ಲೂಟೂತ್ ಬ್ಯಾಂಡ್‌ಗಳು ಸಾಮಾನ್ಯವಾಗಿ ಇದೇ ಜಾತಿ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಅಂದರೆ 6 ಡೆಸಿಬೆಲ್ ಕಡಿಮೆ. ಲೆಕ್ಕ ಚೆನ್ನಾಗಿದೆ. ಈಗ ಮಗು ಕಂಬದಿಂದ 5 ಮೀಟರ್ ದೂರದಲ್ಲಿದೆ ಅಂದುಕೊಳ್ಳಿ. ಯಾರೋ ಆ ಪುಟ್ಟ ಕೈಯನ್ನು ತಮ್ಮ ಅಂಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು. ನಮ್ಮ ಮೈಯಲ್ಲಿ ಅರ್ಧಕ್ಕಿಂತ ಜಾಸ್ತಿ ನೀರು. 2.4 ಗಿಗಾಹರ್ಟ್ಸ್ ಅಲೆಯನ್ನು ನೀರು ಚೆನ್ನಾಗಿ ಹೀರುತ್ತದೆ. ಹಾಗೆ ಹಿಡಿದಿದ್ದರಿಂದ 10 ಡೆಸಿಬೆಲ್ ಬಿತ್ತು ಅಂತಿಟ್ಟುಕೊಂಡರೆ, ಪರದೆ ಮೇಲೆ 5 ಮೀಟರ್ ಹೋಗಿ ಸುಮಾರು 16 ಮೀಟರ್ ಆಗುತ್ತದೆ. ಮಗು ಕಂಬದ ಪಕ್ಕದಲ್ಲೇ ಇದೆ. ಚುಕ್ಕಿ ಮಾತ್ರ ಎದುರು ಸಾಲಿನ ಬಳೆ ಅಂಗಡಿಯಲ್ಲಿದೆ.

ಅಲ್ಲಿ ಮೋಸ ಯಾವುದು, ಅಕ್ಕರೆಯಿಂದ ಕೈ ಹಿಡಿದದ್ದು ಯಾವುದು? ರೇಡಿಯೊಗೆ ಎರಡೂ ಒಂದೇ. ಇದೇ ಈ ವಿಧಾನದ ದೊಡ್ಡ ತೊಂದರೆ. ನೂಕುನುಗ್ಗಲಿನಲ್ಲಿ ಸಿಗ್ನಲ್ ಬಲ ಹೇಗೂ ಮೇಲೆ ಕೆಳಗೆ ಕುಣಿಯುತ್ತಿರುತ್ತದೆ. ಆ ಕುಣಿತದೊಳಗೆ ಬೇಕಂತಲೇ ಮಾಡಿದ ಸುಳ್ಳು ಸುಲಭವಾಗಿ ಅಡಗಿಕೊಳ್ಳುತ್ತದೆ. ಉಲ್ಟಾ ಕೂಡ ಮಾಡಬಹುದು. ಸಿಗ್ನಲ್ ಹಿಡಿದು ಜೋರು ಮಾಡಿ ಬಿಟ್ಟರೆ ದೂರದ್ದು ಹತ್ತಿರ ಕಾಣುತ್ತದೆ. ಎಇಎಸ್ ಬೀಗಕ್ಕೆ ಒಂದು ಗೀರೂ ಬಿದ್ದಿರುವುದಿಲ್ಲ.

2000ದಲ್ಲಿ ಮೈಕ್ರೋಸಾಫ್ಟ್ ಸಂಶೋಧಕರು ಕಟ್ಟಡದೊಳಗೆ ಒಂದೊಂದು ಜಾಗದಲ್ಲೂ ವೈಫೈ ಎಷ್ಟೆಷ್ಟು ಬಲವಾಗಿ ಸಿಗುತ್ತದೆ ಅಂತ ಮೊದಲೇ ಪಟ್ಟಿ ಮಾಡಿಟ್ಟುಕೊಂಡು, ಆಮೇಲೆ ಹೋಲಿಸಿ ಜಾಗ ಹೇಳುವ ವಿಧಾನ ತೋರಿಸಿದರು. ಕಚೇರಿಯಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ಜಾತ್ರೆಯಲ್ಲಿ ಬೆಳಿಗ್ಗೆ ಮಾಡಿದ ಪಟ್ಟಿ ತೇರು ಎಳೆಯುವ ಹೊತ್ತಿಗೆ ಕೆಲಸಕ್ಕೆ ಬಾರದು.

ಇನ್ನೊಂದು ಮೋಸ ಇದೆ. ಅದಕ್ಕೆ ಬಲ ತಗ್ಗಿಸುವುದೂ ಬೇಡ, ಏರಿಸುವುದೂ ಬೇಡ. ಗಣಿತಜ್ಞ ಜಾನ್ ಕಾನ್ವೇ ಹೇಳುತ್ತಿದ್ದ ಚದುರಂಗದ ಒಗಟು ಇಲ್ಲಿ ಸರಿಯಾಗಿ ಹೊಂದುತ್ತದೆ. ಆಟವೇ ಗೊತ್ತಿಲ್ಲದ ಪುಟ್ಟ ಹುಡುಗಿ ಇಬ್ಬರು ಗ್ರ್ಯಾಂಡ್‌ಮಾಸ್ಟರ್‌ಗಳ ಜೊತೆ ಒಟ್ಟಿಗೇ ಆಡುತ್ತಾಳೆ. ಒಂದು ಕಡೆ ಕಪ್ಪು, ಇನ್ನೊಂದು ಕಡೆ ಬಿಳಿ. ಈಯಪ್ಪ ನಡೆಸಿದ ಕಾಯನ್ನೇ ಆಯಪ್ಪನ ಎದುರು ನಡೆಸುತ್ತಾಳೆ, ಅವನದನ್ನು ಇವನ ಎದುರು. ಇಬ್ಬರ ಎದುರೂ ಸೋಲಲು ಸಾಧ್ಯವೇ ಇಲ್ಲ. ಒಂದು ಸೋತರೆ ಇನ್ನೊಂದು ಗೆದ್ದಿರುತ್ತಾಳೆ. ರೇಡಿಯೊದಲ್ಲಿ ಇದನ್ನು ರಿಲೇ ದಾಳಿ ಅನ್ನುತ್ತಾರೆ. ಒಬ್ಬ ಮಗುವಿನ ಹತ್ತಿರ, ಇನ್ನೊಬ್ಬ ಬೇರೆ ಕಂಬದ ಹತ್ತಿರ. ಕಂಬ "417, ನೀನು ನಿಜವಾಗಿಯೂ 417 ಆದರೆ ಈ ಪ್ರಶ್ನೆಗೆ ಉತ್ತರ ಕೊಡು" ಅಂತ ಕೇಳುತ್ತದೆ. ಆ ಪ್ರಶ್ನೆಯನ್ನು ಎತ್ತಿ ಮಗುವಿನ ಬ್ಯಾಂಡ್‌ಗೆ ಮುಟ್ಟಿಸುತ್ತಾರೆ. ಬ್ಯಾಂಡ್ ಪ್ರಾಮಾಣಿಕವಾಗಿ ಉತ್ತರ ಕೊಡುತ್ತದೆ. ಅದನ್ನು ವಾಪಸ್ ತಂದು ಕಂಬಕ್ಕೆ ಕೊಡುತ್ತಾರೆ. ಗುಟ್ಟು ಏನೆಂದು ಇಬ್ಬರಿಗೂ ಗೊತ್ತಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ. ಚುಕ್ಕಿ ಮಾತ್ರ ಜಾಗ ಬದಲಾಯಿಸಿತು.

ಇದು ಬರೀ ಕಾಗದದ ಮೇಲಿನ ಹೆದರಿಕೆ ಅಲ್ಲ. ಜೇಬಿನಲ್ಲಿ ಕೀ ಇದ್ದರೆ ಬಾಗಿಲು ತಾನೇ ತೆರೆಯುವ ಕಾರುಗಳಿವೆ ಅಲ್ವಾ? 2011ರಲ್ಲಿ ಜ್ಯೂರಿಕ್‌ನ ಸಂಶೋಧಕರು 8 ಕಂಪನಿಗಳ 10 ಮಾದರಿಗಳನ್ನು ಹೀಗೇ ಪರೀಕ್ಷಿಸಿದರು. ಹತ್ತಕ್ಕೆ ಹತ್ತೂ ಮೋಸ ಹೋದವು. ಮಾಲೀಕ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿರಬಹುದು, ಕೀ ಅವನ ಜೇಬಿನಲ್ಲೇ ಇರಬಹುದು, ಹೊರಗೆ ಕಾರು ಸ್ಟಾರ್ಟ್ ಆಗುತ್ತದೆ.

ಹಾಗಾದರೆ ಏನು ಮಾಡಬೇಕು? ಜೋರನ್ನು ನಂಬುವುದು ಬಿಟ್ಟು ತಡವನ್ನು ಹಿಡಿದುಕೊಳ್ಳಬೇಕು. ಯಾಕಂದರೆ ಬಲವನ್ನು ಏರಿಸಬಹುದು, ಇಳಿಸಬಹುದು. ಸಮಯವನ್ನು ತಡ ಮಾಡಬಹುದೇ ಹೊರತು ಬೇಗ ಮಾಡಲಾಗದು. ಬೆಳಕಿಗಿಂತ ವೇಗವಾಗಿ ಯಾವ ಕಳ್ಳನೂ ಓಡಲಾರ. ರೇಡಿಯೊ ಅಲೆ ಒಂದು ನ್ಯಾನೊಸೆಕೆಂಡಿಗೆ ಸುಮಾರು 30 ಸೆಂಟಿಮೀಟರ್ ಹೋಗುತ್ತದೆ, ಹೆಚ್ಚುಕಮ್ಮಿ ಒಂದು ಅಡಿ ಸ್ಕೇಲ್‌ನಷ್ಟು. ಕಂಬ ಪ್ರಶ್ನೆ ಎಸೆಯುತ್ತದೆ, ಬ್ಯಾಂಡ್ ಉತ್ತರ ಎಸೆಯುತ್ತದೆ, ಹೋಗಿ ಬಂದ ಸಮಯದಿಂದ ದೂರ ಸಿಗುತ್ತದೆ.

1993ರಲ್ಲಿ ಸ್ಟೆಫಾನ್ ಬ್ರ್ಯಾಂಡ್ಸ್ ಮತ್ತು ಡೇವಿಡ್ ಚೌಮ್ ಇದನ್ನು ಭದ್ರತೆಯ ಸಾಧನವಾಗಿ ಮಾಡಿ ತೋರಿಸಿದರು. ಒಂದೊಂದೇ ಬಿಟ್ ಪ್ರಶ್ನೆ, ಒಂದೊಂದೇ ಬಿಟ್ ಉತ್ತರ, ಪಟಪಟ ಅಂತ. ಪ್ರಶ್ನೆ ಏನಿರುತ್ತದೆ ಅಂತ ಮೊದಲೇ ಗೊತ್ತಿಲ್ಲದ ಕಾರಣ ಉತ್ತರವನ್ನು ಮುಂಚೆಯೇ ಕಳಿಸಿ ಹತ್ತಿರ ಇದ್ದಂತೆ ನಟಿಸಲು ಆಗದು. ಊಹಿಸಿ ಕಳಿಸಬಹುದು. ಆದರೆ ಒಂದು ಬಿಟ್ ಊಹೆ ಸರಿಯಾಗುವುದು ಎರಡರಲ್ಲಿ ಒಂದು ಸಲ. 20 ಬಿಟ್‌ಗಳೂ ಸರಿಯಾಗುವುದು ಹತ್ತು ಲಕ್ಷಕ್ಕೆ ಒಂದು ಸಲ.

ಇಲ್ಲಿ ಒಂದು ಸೂಕ್ಷ್ಮ ಇದೆ, ಪ್ರಾಜೆಕ್ಟ್ ಮಾಡುವವರು ಎಡವುವುದು ಇಲ್ಲೇ. ಬ್ಯಾಂಡ್ ಉತ್ತರ ಕೊಡುವ ಮುಂಚೆ ಯೋಚನೆ ಮಾಡುತ್ತಾ ಕೂತರೆ ಎಲ್ಲ ಕೆಟ್ಟಿತು. ಅದು ಎಷ್ಟು ಹೊತ್ತು ಯೋಚಿಸುತ್ತದೆ ಅನ್ನುವುದರಲ್ಲಿ ಒಂದು ಮೈಕ್ರೋಸೆಕೆಂಡ್ ಅನುಮಾನ ಇದ್ದರೆ ದೂರದಲ್ಲಿ 150 ಮೀಟರ್ ಅನುಮಾನ ಬಂತು. ತೇರುಬೀದಿಯ ಒಂದು ದೊಡ್ಡ ತುಂಡೇ ಅದರಲ್ಲಿ ಮುಳುಗಿ ಹೋಗುತ್ತದೆ. ಹಾಗಾಗಿ ಎಇಎಸ್ ಲೆಕ್ಕವನ್ನೆಲ್ಲ ಮುಂಚೆಯೇ ಮಾಡಿ ಉತ್ತರ ಸಿದ್ಧ ಇಟ್ಟುಕೊಂಡಿರಬೇಕು. ಓಟದ ಸಮಯದಲ್ಲಿ ಬರೀ ಎತ್ತಿ ಕೊಡುವ ಕೆಲಸ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಬೋರ್ಡ್ ಮೇಲೆ ಒಂದು ತ್ರಿಕೋನ ಬರೆದಿದ್ದೇನೆ ನೋಡಿ. ಕ, ಖ, ಗ ಮೂರು ಕಂಬಗಳು. ಒಂದರಿಂದ ಒಂದಕ್ಕೆ 40 ಮೀಟರ್. ಮಗು ನಟ್ಟನಡುವೆ ಇದೆ. ಮೂರು ಕಂಬಕ್ಕೂ ಅದರ ದೂರ ಸುಮಾರು 23 ಮೀಟರ್. ಮೋಸಗಾರನಿಗೆ ಈ ಚುಕ್ಕಿಯನ್ನು ಕ ಕಂಬದಿಂದ ಆಚೆಗೆ, ಖ ಮತ್ತು ಗ ಇರುವ ಕಡೆಗೆ 5 ಮೀಟರ್ ತಳ್ಳಬೇಕಾಗಿದೆ. ಕ ಕಂಬದ ದೂರ 23 ಇದ್ದದ್ದು 28 ಆಗಬೇಕು. ಆಗಲಿ, ಉತ್ತರವನ್ನು ಸ್ವಲ್ಪ ತಡ ಮಾಡಿದರೆ ಸಾಕು. ಆದರೆ ಖ ಮತ್ತು ಗ ದೂರಗಳು 23ರಿಂದ 21ಕ್ಕೆ ಇಳಿಯಬೇಕು. ಅಲ್ಲಿಗೆ ಅವನ ಆಟ ನಿಂತಿತು. ದೂರ ಕಡಿಮೆ ಮಾಡಲು ಸಮಯವನ್ನು ಹಿಂದಕ್ಕೆ ಎಳೆಯಬೇಕಲ್ಲ!

ಬೇರೆ ದಿಕ್ಕಿಗೆ ತಳ್ಳಿ ನೋಡಿ. ತ್ರಿಕೋನದ ಒಳಗೆ ನೀವು ಎತ್ತ ಸರಿದರೂ ಕನಿಷ್ಠ ಒಂದು ಕಂಬಕ್ಕೆ ಹತ್ತಿರವಾಗಲೇಬೇಕು. ಹೈಸ್ಕೂಲ್ ಜ್ಯಾಮಿತಿ. ಚಾಪ್ಕುನ್ ಮತ್ತು ಯೂಬೊ ಎಂಬ ಇಬ್ಬರು 2005ರಲ್ಲಿ ಈ ಸರಳ ಸಂಗತಿ ಮೇಲೆ ಒಂದು ಇಡೀ ವಿಧಾನ ಕಟ್ಟಿದರು. ಮೂರು ದೂರಗಳು ಒಂದೇ ಬಿಂದುವಿನಲ್ಲಿ ಕೂಡದಿದ್ದರೆ ಯಾರೋ ಆಟ ಆಡುತ್ತಿದ್ದಾರೆ ಅಂತ ಅರ್ಥ. ತ್ರಿಕೋನದ ಹೊರಗೆ ಈ ರಕ್ಷಣೆ ಇಲ್ಲ. ಹಾಗಾಗಿ ಕಂಬಗಳನ್ನು ಎಲ್ಲಿ ಕರೆಂಟ್ ಸಿಗುತ್ತದೋ ಅಲ್ಲಿ ನೆಡುವುದಲ್ಲ, ಮಕ್ಕಳು ಓಡಾಡುವ ಜಾಗವೆಲ್ಲ ಯಾವುದಾದರೂ ತ್ರಿಕೋನದ ಹೊಟ್ಟೆಯೊಳಗೆ ಬರುವಂತೆ ನೆಡಬೇಕು. ಗುತ್ತಿಗೆದಾರರಿಗೆ ಇದನ್ನು ಒಪ್ಪಿಸುವುದು ಜ್ಯಾಮಿತಿಗಿಂತ ಕಷ್ಟ, ಆ ಮಾತು ಬೇರೆ.

ನ್ಯಾನೊಸೆಕೆಂಡ್ ಅಳೆಯಲು ಅಗಲವಾದ ರೇಡಿಯೊ ಪಟ್ಟೆ ಬೇಕು. ಅಲ್ಟ್ರಾ ವೈಡ್‌ಬ್ಯಾಂಡ್ ಬಂದದ್ದು ಇದಕ್ಕೇ. ಈಗ ದುಬಾರಿ ಫೋನ್‌ಗಳಲ್ಲೂ ಇದೆ. 2020ರಲ್ಲಿ ಬಂದ 802.15.4ಝಡ್ ಎಂಬ ಮಾನಕ, ಅಲೆಯ ಮಿಡಿತಗಳನ್ನೇ ಗುಟ್ಟಿನ ಕ್ರಮದಲ್ಲಿ ಕಳಿಸುವ ವ್ಯವಸ್ಥೆ ಮಾಡಿತು. ಮಾತಿಗಷ್ಟೇ ಅಲ್ಲ, ಸಮಯಕ್ಕೂ ಬೀಗ ಬಿತ್ತು ಅಂತ ಎಲ್ಲರೂ ನೆಮ್ಮದಿಯಾಗಿದ್ದರು. 2022ರಲ್ಲಿ ಎರಡು ಸುದ್ದಿ ಬಂದವು.

ಒಂದು, ಸ್ವಿಟ್ಜರ್ಲೆಂಡ್ ಮತ್ತು ಜರ್ಮನಿಯ ಸಂಶೋಧಕರು ಮಾರುಕಟ್ಟೆಯಲ್ಲಿದ್ದ ಫೋನ್ ಚಿಪ್‌ಗೇ 12 ಮೀಟರ್ ದೂರವನ್ನು ಸೊನ್ನೆ ಅಂತ ನಂಬಿಸಿದರು. ಗುಟ್ಟಿನ ಕ್ರಮ ಅವರಿಗೆ ಗೊತ್ತಿರಲಿಲ್ಲ. ಗೋಡೆಗೆ ಬಡಿದು ಬರುವ ಅಲೆಗಳ ನಡುವೆ ಎಲ್ಲಕ್ಕಿಂತ ಮೊದಲು ಬಂದ ಅಲೆ ಯಾವುದು ಅಂತ ಚಿಪ್ ಹುಡುಕುತ್ತದಲ್ಲ, ಆ ಹುಡುಕಾಟವನ್ನೇ ಅವರು ಗದ್ದಲ ಹಾಕಿ ದಾರಿ ತಪ್ಪಿಸಿದರು. ನೂರು ಪ್ರಯತ್ನದಲ್ಲಿ ಹೆಚ್ಚೆಂದರೆ ನಾಲ್ಕು ಫಲಿಸಿತು. ನಾಲ್ಕೇ ಅಲ್ವಾ ಅನ್ನಬೇಡಿ. ಸೆಕೆಂಡಿಗೆ ಹಲವು ಸಲ ಅಳೆಯುವ ಯಂತ್ರಕ್ಕೆ ನೂರಕ್ಕೆ ನಾಲ್ಕು ಬಹಳ ದೊಡ್ಡದು.

ಎರಡನೆಯದು ನನಗೆ ಇನ್ನೂ ಪಾಠ ಅನ್ನಿಸಿದ್ದು. ಕಾರ್ಖಾನೆಗಳಲ್ಲಿ ಕೆಲಸಗಾರರು ಎಲ್ಲಿದ್ದಾರೆ ಅಂತ ತೋರಿಸುವ ಅಲ್ಟ್ರಾ ವೈಡ್‌ಬ್ಯಾಂಡ್ ವ್ಯವಸ್ಥೆಗಳನ್ನು ಭದ್ರತಾ ಪರೀಕ್ಷಕರು ಬಿಚ್ಚಿ ನೋಡಿದರು. ಮನುಷ್ಯ ಹತ್ತಿರ ಬಂದರೆ ಯಂತ್ರ ತಾನೇ ನಿಲ್ಲುವಂತೆ ಇಂಥವನ್ನು ಬಳಸುತ್ತಾರೆ. ಕೆಲಸಗಾರರ ಮೈಮೇಲಿನ ಟ್ಯಾಗ್‌ನಿಂದ ಕಂಬಕ್ಕೆ ಬರುವ ರೇಡಿಯೊ ಮೇಲೆ ಎಲ್ಲರ ಕಣ್ಣಿತ್ತು. ಕಂಬದಿಂದ ಸರ್ವರ್‌ಗೆ ಹೋಗುವ ಸಾಮಾನ್ಯ ನೆಟ್‌ವರ್ಕ್‌ನಲ್ಲಿ ಸಮಯದ ಅಂಕಿಗಳು ಬೀಗವೇ ಇಲ್ಲದೆ ಹೋಗುತ್ತಿದ್ದವು. ಆ ನೆಟ್‌ವರ್ಕ್‌ಗೆ ನುಗ್ಗಿದವರು ಅಂಕಿ ತಿದ್ದಿದರೆ ಯಂತ್ರದ ಪಕ್ಕ ನಿಂತ ಮನುಷ್ಯ ಪರದೆ ಮೇಲೆ ಬಾಗಿಲ ಬಳಿ ಕಾಣುತ್ತಾನೆ. ಯಂತ್ರ ನಿಲ್ಲುವುದಿಲ್ಲ. ಇದು ಗೌಪ್ಯತೆಯ ಪ್ರಶ್ನೆ ಅಲ್ಲ, ಕೈಕಾಲಿನ ಪ್ರಶ್ನೆ.

ಕಂಬದ ಡಬ್ಬಿಯ ಬಗ್ಗೆ ಎರಡು ಮಾತು. ಸೆನ್ಸರ್ ಜಾಲ ಬಯಲಲ್ಲಿ ಬಿದ್ದಿರುತ್ತದೆ. ಸ್ಕ್ರೂಡ್ರೈವರ್ ಇದ್ದವನು ಒಂದು ಡಬ್ಬಿ ಬಿಚ್ಚಿ, ಪರೀಕ್ಷೆಗೆ ಅಂತ ಬಿಟ್ಟಿರುವ ಪೋರ್ಟ್‌ಗೆ ತಂತಿ ಸಿಕ್ಕಿಸಿ ಒಳಗಿನ ಕೀ, ಅಂದರೆ ಬೀಗ ತೆರೆಯುವ ಗುಟ್ಟಿನ ಅಂಕಿ, ಓದಬಹುದು. ಇಡೀ ಜಾಲಕ್ಕೆ ಒಂದೇ ಕೀ ಇಟ್ಟಿದ್ದರೆ ಅಲ್ಲಿಗೆ ಎಲ್ಲ ಹೋಯಿತು. ಆಮೇಲೆ ಅವನು ಒಬ್ಬನೇ ಕೂತು ನೂರು ಸುಳ್ಳು ಮಕ್ಕಳನ್ನು ಹುಟ್ಟಿಸಬಹುದು, ಅಥವಾ ಒಂದೇ ಬ್ಯಾಂಡ್‌ನ ಮೂರು ನಕಲು ಮಾಡಿ ಮೂರು ಕಂಬದ ಬುಡದಲ್ಲಿ ಒಂದೊಂದು ಇಟ್ಟು ಆಗ ಹೇಳಿದ ತ್ರಿಕೋನವನ್ನೂ ಮೋಸ ಮಾಡಬಹುದು. ಪ್ರತಿ ಬ್ಯಾಂಡ್‌ಗೂ ಬೇರೆ ಕೀ, ಪೋರ್ಟ್‌ಗೆ ಬೀಗ, ಒಂದು ಡಬ್ಬಿ ಕಳೆದರೆ ಅದರ ಕೀ ಮಾತ್ರ ರದ್ದು. ಇಷ್ಟು ಮಾಡದ ವ್ಯವಸ್ಥೆಯನ್ನು ನಾನಂತೂ ಮಕ್ಕಳ ಕೈಗೆ ಕಟ್ಟಲ್ಲ.

ಎಲ್ಲಕ್ಕಿಂತ ಸುಲಭದ ದಾಳಿ ಗಲಾಟೆ, ಅಂದರೆ ಜ್ಯಾಮಿಂಗ್. ರೇಡಿಯೊದಲ್ಲಿ ಜೋರಾಗಿ ಅರಚಿದರೆ ಯಾರ ಮಾತೂ ಯಾರಿಗೂ ಕೇಳಿಸದು. ಇದಕ್ಕೆ ಪೂರ್ತಿ ಮದ್ದು ಇಲ್ಲ. ಚಾನಲ್ ಬದಲಿಸುತ್ತಾ ಓಡಬಹುದು, ಅಷ್ಟೇ. ನನಗೆ ಮುಖ್ಯ ಅನ್ನಿಸುವುದು ಬೇರೆ: ಮಾತು ನಿಂತಾಗ ಪರದೆ ಏನು ತೋರಿಸುತ್ತದೆ? ಹೆಚ್ಚಿನ ಪ್ರಾಜೆಕ್ಟ್‌ಗಳಲ್ಲಿ ಚುಕ್ಕಿ ಕೊನೆಗೆ ಕಂಡ ಜಾಗದಲ್ಲೇ ಹಸಿರಾಗಿ ಕೂತಿರುತ್ತದೆ. ಮಗು ಅಲ್ಲೇ ಇದೆ ಅಂತ ಪೊಲೀಸರು ನಿರಾಳವಾಗಿರುತ್ತಾರೆ.

ಇಂಗಳದಾಳಿನ ತಾಮ್ರದ ಗಣಿಯನ್ನು ನೋಡಿದ ಹಿರಿಯರು ಇಲ್ಲಿ ಇರಬಹುದು. ನೆಲದಡಿಗೆ ಯಾವ ಉಪಗ್ರಹದ ಸಿಗ್ನಲ್ಲೂ ಇಳಿಯುವುದಿಲ್ಲ. ಅಂಥ ಕಡೆ ಜನ ಎಲ್ಲಿದ್ದಾರೆ ಅಂತ ತಿಳಿಯದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಸಾಗೊ ಕಲ್ಲಿದ್ದಲು ಗಣಿ ಸಾಕ್ಷಿ. 2006ರ ಜನವರಿ 2ರಂದು ಅಲ್ಲಿ ಸ್ಫೋಟ ಆಗಿ 13 ಮಂದಿ ಸಿಕ್ಕಿಬಿದ್ದರು. ಮಾರನೆಯ ರಾತ್ರಿ, ಮೇಲೆ ಕಾಯುತ್ತಿದ್ದ ಮನೆಯವರಿಗೆ 12 ಜನ ಬದುಕಿದ್ದಾರೆ ಅಂತ ಸುದ್ದಿ ಮುಟ್ಟಿತು. ಎಲ್ಲರೂ ಕುಣಿದಾಡಿದರು. ಸುಮಾರು ಮೂರು ಗಂಟೆ ಆದ ಮೇಲೆ ನಿಜ ಗೊತ್ತಾಯಿತು. ಬದುಕಿದ್ದು ಒಬ್ಬನೇ. ಮಾತು ಒಬ್ಬರಿಂದ ಒಬ್ಬರಿಗೆ ದಾಟುವಾಗ ತಲೆಕೆಳಗಾಗಿತ್ತು. ಅದೇ ವರ್ಷ ಅಲ್ಲಿ ಬಂದ ಕಾನೂನು, ನೆಲದಡಿ ಕೆಲಸ ಮಾಡುವವರ ಜಾಗ ತೋರಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆ ಮೂರು ವರ್ಷದೊಳಗೆ ಬರಬೇಕು ಅಂತ ಗಣಿಗಳಿಗೆ ಹೇಳಿತು.

ಆ ಮೂರು ಗಂಟೆಯಲ್ಲಿ ಯಾವ ಕಳ್ಳನೂ ಇರಲಿಲ್ಲ. ಸುಳ್ಳು ಸುದ್ದಿ ಸಾಕಾಯಿತು. ಹಾಗಾಗಿ ನಾನು ವಿದ್ಯಾರ್ಥಿಗಳಿಗೆ ಹೇಳುವುದು: ಚುಕ್ಕಿ ಬರೆಯಬೇಡಿ, ವೃತ್ತ ಬರೆಯಿರಿ. ಎಷ್ಟು ಖಾತ್ರಿಯೋ ಅಷ್ಟು ಚಿಕ್ಕ ವೃತ್ತ. ಪಕ್ಕದಲ್ಲಿ ಇದು ಎಷ್ಟು ಸೆಕೆಂಡ್ ಹಿಂದಿನ ಮಾತು ಅಂತ ಬರೆಯಿರಿ. ಮೂರು ದೂರ ಕೂಡದಿದ್ದರೆ, ಸಿಗ್ನಲ್ ನಿಂತರೆ, ಪರದೆ "ಗೊತ್ತಿಲ್ಲ" ಅನ್ನಲಿ. ಕೆಂಪಗೆ, ದೊಡ್ಡದಾಗಿ. ಪ್ರದರ್ಶನದ ದಿನ ಇದು ಚೆನ್ನಾಗಿ ಕಾಣಲ್ಲ, ಅತಿಥಿಗಳ ಮುಂದೆ ಮುಜುಗರ. ಆದರೂ ಬರೆಯಿರಿ.

ಇಲ್ಲಿಯವರೆಗೆ ಸುಳ್ಳು ಜಾಗದ ಮಾತಾಯಿತು. ನಿಜವಾದ ಜಾಗ ಬೇಡದವರ ಕೈಗೆ ಸಿಕ್ಕರೆ?

ಸೆನ್ಸರ್ ಜಾಲದ ಸಂಶೋಧಕರು ಪಾಂಡಾ ಮತ್ತು ಬೇಟೆಗಾರ ಅಂತ ಒಂದು ಸಮಸ್ಯೆ ಹೇಳುತ್ತಾರೆ. ನಾವು ಜೋಗಿಮಟ್ಟಿಯ ಕರಡಿ ಅಂದುಕೊಳ್ಳೋಣ. ಕರಡಿ ಕಂಡ ಸೆನ್ಸರ್ ಒಂದು ಸಂದೇಶ ಕಳಿಸುತ್ತದೆ. ಅದು ಸೆನ್ಸರ್‌ನಿಂದ ಸೆನ್ಸರ್‌ಗೆ ಹಾರುತ್ತಾ ಕಚೇರಿ ಸೇರುತ್ತದೆ. ಎಲ್ಲಕ್ಕೂ ಬೀಗ ಹಾಕಿದೆ. ಬೇಟೆಗಾರನಿಗೆ ಒಳಗಿನ ಅಕ್ಷರ ಬೇಕಿಲ್ಲ. ಕೊನೆಯ ಸೆನ್ಸರ್ ಬಳಿ ನಿಂತು ಸಿಗ್ನಲ್ ಯಾವ ಕಡೆಯಿಂದ ಬಂತು ಅಂತ ನೋಡಿ, ಆ ಕಡೆ ನಡೆದು, ಮತ್ತೆ ನಿಂತು ನೋಡಿ ಹೋದರೆ ಸಾಕು. ನೇರ ಕರಡಿ ಹತ್ತಿರ ಹೋಗಿ ನಿಲ್ಲುತ್ತಾನೆ. ತಪ್ಪಿಸಲು ಸುಳ್ಳು ಸಂದೇಶ ಕಳಿಸಬಹುದು, ನಿಜದ್ದನ್ನು ಬಳಸುದಾರಿಯಲ್ಲಿ ಸುತ್ತಿಸಬಹುದು. ಎರಡಕ್ಕೂ ಬ್ಯಾಟರಿ ತೆರಬೇಕು. ಮಗುವಿನ ಬ್ಯಾಂಡ್ ದಿನವಿಡೀ ಒಂದೇ ನಂಬರು ಕೂಗುತ್ತಿದ್ದರೆ ಇದೇ ಗತಿ. 417 ಯಾರ ಮಗು ಅಂತ ಒಂದು ಸಲ ಕಣ್ಣಾರೆ ನೋಡಿದವನು ಆಮೇಲೆ ಫೋನ್ ಹಿಡಿದುಕೊಂಡೇ ಹಿಂಬಾಲಿಸಬಹುದು. ನಂಬರು ಕೆಲವು ನಿಮಿಷಕ್ಕೊಮ್ಮೆ ಬದಲಾಗುತ್ತಿರಬೇಕು, ಬದಲಾದದ್ದು ಯಾರದ್ದು ಅಂತ ಸರ್ವರ್‌ಗೆ ಮಾತ್ರ ತಿಳಿಯಬೇಕು.

ಸರ್ವರ್ ಇಟ್ಟುಕೊಂಡವರು ಒಳ್ಳೆಯವರೇ ಅಂತ ಎಲ್ಲರೂ ಅಂದುಕೊಂಡುಬಿಡುತ್ತಾರೆ. ಜನರನ್ನು ಹುಡುಕುವ ಮೊದಲ ಬ್ಯಾಜ್‌ಗಳು ಬಂದದ್ದು 1990ರ ಆಸುಪಾಸು, ಕೇಂಬ್ರಿಜ್‌ನ ಒಲಿವೆಟ್ಟಿ ಪ್ರಯೋಗಾಲಯದಲ್ಲಿ. ಸಿಬ್ಬಂದಿ ಯಾವ ಕೋಣೆಯಲ್ಲಿದ್ದಾರೋ ಅಲ್ಲಿಗೆ ಫೋನ್ ಕರೆ ಕಳಿಸುವುದು ಉದ್ದೇಶ. ಅಲ್ಲಿಂದ ನಮ್ಮ ಕಾಲಕ್ಕೆ ಬಂದರೆ, ನಾಗ್ಪುರ, ಚಂಡೀಗಢದಂಥ ಊರುಗಳಲ್ಲಿ ಪೌರಕಾರ್ಮಿಕರ ಕೈಗೆ ಜಿಪಿಎಸ್ ವಾಚ್ ಕಟ್ಟಿದರು. ಯಾರು ಎಷ್ಟು ಹೊತ್ತು ಎಲ್ಲಿ ನಿಂತರು ಅಂತ ಕಚೇರಿಯಲ್ಲಿ ಕೂತು ನೋಡಲು. ಎರಡೂ ಕಡೆ ತಂತ್ರದ ಕೆಲಸ ಒಂದೇ, ಮನುಷ್ಯ ಎಲ್ಲಿದ್ದಾನೆ ಅಂತ ಹೇಳುವುದು. ಆದರೆ ಮೊದಲನೆಯದರಲ್ಲಿ ನೋಡುವವರೂ ಬ್ಯಾಜ್ ಹಾಕಿದ್ದರು. ಎರಡನೆಯದರಲ್ಲಿ ವಾಚ್ ಕಸ ಗುಡಿಸುವವರ ಕೈಯಲ್ಲಿ, ಪರದೆ ಕಚೇರಿಯವರ ಮುಂದೆ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದರು. ಆ ಮೊಕದ್ದಮೆ ಹೂಡಿದವರು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕು ಅನ್ನುತ್ತದೆ. ಜಾತ್ರೆ ಗೇಟಿನಲ್ಲಿ ಅವಸರದಲ್ಲಿ ಹಾಕಿಸಿಕೊಂಡ ಸಹಿಯನ್ನು ಒಪ್ಪಿಗೆ ಅಂತ ಕರೆಯಲು ನನಗೆ ಮನಸ್ಸು ಬರಲ್ಲ.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆ ಬಂದವು. ಮೂರನ್ನು ಇಲ್ಲಿ ಕೊಡುತ್ತಿದ್ದೇನೆ.

ಒಬ್ಬರು ಶಿಕ್ಷಕಿ ಕೇಳಿದರು: "ಇಷ್ಟೆಲ್ಲ ಹೆದರಿಸಿದ ಮೇಲೆ ಬ್ಯಾಂಡ್ ಕಟ್ಟಬೇಡಿ ಅಂತೀರಾ?" ಇಲ್ಲ, ಕಟ್ಟಿ. ಆದರೆ ಮೈಕ್ ತೆಗೆಯಬೇಡಿ. ಮಗು ಸಿಕ್ಕ ಮೇಲೆ ಒಪ್ಪಿಸುವಾಗ ಪರದೆ ನೋಡಿ ಒಪ್ಪಿಸಬೇಡಿ, ಅಪ್ಪ ಅಮ್ಮನ ಮುಖ ನೋಡಿ ಮಗು ಏನು ಮಾಡುತ್ತದೆ ಅಂತ ನೋಡಿ ಒಪ್ಪಿಸಿ. ಬ್ಯಾಂಡ್ ಮೇಲೆ ಹೆಸರು, ಫೋನ್ ನಂಬರು ಬರೆಯಬೇಡಿ. ತೇರು ಮುಗಿದ ಮಾರನೆಯ ದಿನ ಸರ್ವರ್‌ನಲ್ಲಿರುವ ಓಡಾಟದ ಲೆಕ್ಕ ಅಳಿಸಿ. ಮುಂದಿನ ವರ್ಷಕ್ಕೆ ಬೇಕಾಗಬಹುದು ಅಂತ ಯಾರೋ ಒಬ್ಬರು ಹೇಳೇ ಹೇಳುತ್ತಾರೆ. ಕೇಳಬೇಡಿ.

ಒಬ್ಬ ವಿದ್ಯಾರ್ಥಿ ಲೋರಾ ಅನ್ನುವ ರೇಡಿಯೊ ಬಳಸಬಹುದಾ ಅಂತ ಕೇಳಿದ. ನಮ್ಮಲ್ಲಿ 865ರಿಂದ 868 ಮೆಗಾಹರ್ಟ್ಸ್‌ನಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದು, ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ, ಅಗ್ಗ ಬೇರೆ. ಹೊಲದ ತೇವ ತಿಳಿಯಲು ಬಹಳ ಒಳ್ಳೆಯದು. ಜನರ ಜಾಗ ಹೇಳಲು ಅಲ್ಲ. ಅದರ ಪಟ್ಟೆ ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಅಗಲ, ಅಲ್ಟ್ರಾ ವೈಡ್‌ಬ್ಯಾಂಡಿನದ್ದು 500 ಮೆಗಾಹರ್ಟ್ಸ್. ಪಟ್ಟೆ ಕಿರಿದಾದಷ್ಟೂ ಸಮಯದ ಅಳತೆ ಮಬ್ಬು. ಸಮಯ ಮಬ್ಬಾದರೆ ಮೋಸ ಹಿಡಿಯುವುದೂ ಮಬ್ಬು.

ಅವನೇ ಆಮೇಲೆ, ಕಾಲೇಜಿನಲ್ಲಿ ಹೆಚ್ಚು ಖರ್ಚಿಲ್ಲದೆ ಏನು ಮಾಡಿ ನೋಡಬಹುದು ಅಂದ. ಬ್ಲೂಟೂತ್ ಇರುವ ಇಎಸ್‌ಪಿ32 ಅನ್ನುವ ಪುಟ್ಟ ಬೋರ್ಡ್ ಎರಡು ತಗೊಳ್ಳಿ. ಒಂದು ಬ್ಲೂಟೂತ್ ಸಿಗ್ನಲ್ ಕಳಿಸಲಿ, ಇನ್ನೊಂದು ಬಲ ಬರೆದುಕೊಳ್ಳಲಿ. ಮೈದಾನದಲ್ಲಿ ಒಂದೊಂದು ಮೀಟರಿಗೂ ಗುರುತು ಹಾಕಿ ಅಳೆಯಿರಿ. ಆಮೇಲೆ ಅದೇ ಗುರುತುಗಳಲ್ಲಿ ಬೋರ್ಡನ್ನು ಅಂಗೈಯಲ್ಲಿ ಮುಚ್ಚಿ, ನಡುವೆ ನಾಲ್ಕು ಜನ ಗೆಳೆಯರನ್ನು ನಿಲ್ಲಿಸಿ, ಮತ್ತೆ ಅಳೆಯಿರಿ. ಎರಡೂ ಗ್ರಾಫ್ ಒಂದೇ ಹಾಳೆ ಮೇಲೆ ಬರೆಯಿರಿ. ಜ್ಯಾಮರ್ ಮಾತ್ರ ಮಾಡಲು ಹೋಗಬೇಡಿ. ನಮ್ಮ ದೇಶದಲ್ಲಿ ಖಾಸಗಿಯವರು ಅದನ್ನು ಬಳಸುವುದು ಕಾನೂನಿಗೆ ವಿರುದ್ಧ, ಪಕ್ಕದ ಹಾಸ್ಟೆಲ್ಲಿನ ವೈಫೈ ಬೇರೆ ಹೋಗುತ್ತದೆ.